ಹಬ್ಬದ ಬಟ್ಟೆಯನ್ನು ಒಮ್ಮೆ ತಿರುವಿ ನೋಡಿ

ಮಾನ್ಯ ಸಂಪಾದಕರೇ,

ಗಣೇಶನ ಹಬ್ಬ ಮುಗಿದು ದಸರಾ, ದೀಪಾವಳಿ ಎದುರಿಗಿವೆ. ಪತ್ರಿಕೆಗಳ ಪುರವಣಿಗಳಲ್ಲಿ ಮಕ್ಕಳ ಉಡುಪಿನ ಚಿತ್ರಗಳು ಶುರುವಾಗಿವೆ: ರೇಷ್ಮೆ ಲಂಗ, ಜರಿ ಪಂಚೆ, ಶೆರ್ವಾನಿ, ನೆಟ್ಟಿನ ಫ್ರಾಕು. ಎಲ್ಲವೂ ಬಟ್ಟೆಯ ಹೊರಮೈಯ ಚಿತ್ರಗಳೇ. ಒಳಮೈ ಹೇಗಿದೆಯೆಂದು ಮಾರುವವರು ತೋರಿಸುವುದಿಲ್ಲ, ಕೊಳ್ಳುವವರು ತಿರುವಿ ನೋಡುವುದಿಲ್ಲ. ಹಬ್ಬದ ಬೆಳಿಗ್ಗೆ ಮಗು "ಚುಚ್ಚುತ್ತೆ, ಬೇಡ" ಎಂದು ಕಿತ್ತೆಸೆದರೆ ಮನೆಮಂದಿಗೆಲ್ಲ ಅದು ಹಟವಾಗಿ ಕಾಣುತ್ತದೆ. ಮಕ್ಕಳ ಬಟ್ಟೆ ಹೊಲಿಯುವವರು ಮತ್ತು ಆಕ್ಯುಪೇಷನಲ್ ಥೆರಪಿಸ್ಟರು (ಉಡುವುದು, ಉಣ್ಣುವುದು, ಆಡುವುದು ಮುಂತಾದ ದಿನನಿತ್ಯದ ಕೆಲಸಗಳಿಗೆ ಮಕ್ಕಳನ್ನು ಅಣಿಗೊಳಿಸುವ ಚಿಕಿತ್ಸಕರು) ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಆ ಹಟದ ಬಹುಪಾಲು ಕಾರಣ ಬಟ್ಟೆಯ ಒಳಗೇ ಇರುತ್ತದೆ. ಒಬ್ಬ ಸಾಧಾರಣ ಟೈಲರ್ ಅದನ್ನು ಸರಿಪಡಿಸಬಲ್ಲ. ಪತ್ರ ಉದ್ದವಾಗಿದೆ, ಕ್ಷಮಿಸಿ. ಇಂಚಿನ ಲೆಕ್ಕ ಬಿಟ್ಟು ಬರೆದರೆ ಟೈಲರ್ ಮುಂದೆ ನಿಂತಾಗ ಅದು ಯಾರ ಉಪಯೋಗಕ್ಕೂ ಬರುವುದಿಲ್ಲ.

ಬಟ್ಟೆ ತೊಟ್ಟ ಸ್ವಲ್ಪ ಹೊತ್ತಿಗೆ ನಮ್ಮ ಮೈ ಅದನ್ನು ಮರೆತುಬಿಡುತ್ತದೆ. ಕೈಗೆ ವಾಚು ಕಟ್ಟಿದ್ದು ನೆನಪಿರುವುದಿಲ್ಲವಲ್ಲ, ಹಾಗೆ. ಕೆಲವು ಮಕ್ಕಳಿಗೆ ಈ ಮರೆವು ಸುಲಭಕ್ಕೆ ಬರುವುದಿಲ್ಲ. ಕತ್ತಿನ ಹಿಂದಿನ ಲೇಬಲ್ಲು ಮೊದಲ ನಿಮಿಷದಲ್ಲಿ ಹೇಗೆ ಕೆರೆಯಿತೋ ನಲವತ್ತನೆಯ ನಿಮಿಷದಲ್ಲೂ ಹಾಗೇ ಕೆರೆಯುತ್ತಿರುತ್ತದೆ. ಆಟಿಸಂ (ಮಾತು, ಒಡನಾಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಕ್ಕಳಲ್ಲಿ ಇದು ಹೆಚ್ಚು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯು ಸ್ಪರ್ಶ, ಸದ್ದು, ವಾಸನೆಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿಗೆ ಸೇರಿಸಿದೆ. ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಲ್ಲೂ, ಯಾವ ಹೆಸರಿನ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಇದು ಕಾಣುತ್ತದೆ. ಗಟ್ಟಿಯಾಗಿ ಒತ್ತುವ ಸ್ಪರ್ಶಕ್ಕಿಂತ ಮೆಲ್ಲಗೆ ಸವರಿಕೊಂಡು ಹೋಗುವ ಸ್ಪರ್ಶ ಇವರನ್ನು ಹೆಚ್ಚು ಕಾಡುವುದು ಸಾಮಾನ್ಯ. ಹಾಗಾಗಿ "ಸಡಿಲವಾಗೇ ಹೊಲಿಸಿದ್ದೀವಲ್ಲ" ಎನ್ನುವುದು ಸಮಾಧಾನವಾಗುವುದಿಲ್ಲ. ಸಡಿಲ ತೋಳಿನ ಅಂಚು ನಡೆದಾಡುವಾಗಲೆಲ್ಲ ಮೊಣಕೈಯನ್ನು ಸವರುತ್ತಲೇ ಇರುತ್ತದೆ. ಒಂದು ಎಚ್ಚರಿಕೆ: ಬಟ್ಟೆ ತಾಗಿದ ಕಡೆ ಕೆಂಪಾಗಿ ದದ್ದು ಎದ್ದರೆ, ಅದರಲ್ಲೂ ಹುಕ್ಕು ಅಥವಾ ಜಿಪ್ಪು ತಾಗಿದ ಜಾಗದಲ್ಲಿ, ಅದು ನಿಕಲ್ ಅಲರ್ಜಿಯೋ ಇಸುಬೋ ಆಗಿರಬಹುದು. ಮೊದಲು ಚರ್ಮವೈದ್ಯರಿಗೆ ತೋರಿಸಿ.

ಬಟ್ಟೆ ಆರಿಸುವಾಗ ಎಲ್ಲರೂ ಮಾಡುವ ತಪ್ಪು ಅಂಗೈಯಿಂದ ಮುಟ್ಟಿ ನೋಡುವುದು. ಅಂಗೈ ಚರ್ಮ ದಪ್ಪ; ಕೆಲಸ ಮಾಡಿದ ಕೈಯಾದರೆ ಇನ್ನೂ ದಪ್ಪ. ಬಟ್ಟೆಯನ್ನು ಉಲ್ಟಾ ಮಾಡಿ, ಮಣಿಕಟ್ಟಿನ ಒಳಭಾಗಕ್ಕೆ ಅಥವಾ ಕತ್ತಿನ ಪಕ್ಕಕ್ಕೆ ಒತ್ತಿ ಅರ್ಧ ನಿಮಿಷ ಹಿಂದಕ್ಕೂ ಮುಂದಕ್ಕೂ ಉಜ್ಜಿ. ಚಿಕ್ಕಪೇಟೆಯ ಗದ್ದಲದಲ್ಲಿ ಇದು ವಿಚಿತ್ರವಾಗಿ ಕಾಣಬಹುದು, ಕಾಣಲಿ. ಅಂಗೈಗೆ ಬೆಣ್ಣೆಯಂತಿದ್ದ ಪಾಲಿಯೆಸ್ಟರ್ ಸ್ಯಾಟಿನ್ ಇಲ್ಲಿ ಪಾಸಾದರೂ ಬೆವರು ಹೀರುವುದಿಲ್ಲ. ಕಲ್ಯಾಣ ಮಂಟಪದ ಸೆಕೆಯಲ್ಲಿ ಮೈಗೆ ಅಂಟಿಕೊಂಡು ಮಗು ಮತ್ತೆ ಚಡಪಡಿಸುತ್ತದೆ. ನೆಟ್ಟು, ಟಿಶ್ಯೂ, ಮಿಂಚು ಹೊಲಿದ ಬಟ್ಟೆ, ಬಿರುಸಾದ ಆರ್ಗಂಜಾ ಇವನ್ನು ಮುಟ್ಟಿ ನೋಡುವ ಅಗತ್ಯವೇ ಇಲ್ಲ, ಬಿಟ್ಟುಬಿಡಿ.

ಜರಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಜರಿ ಒಂದು ನೂಲಿನ ಸುತ್ತ ಸುತ್ತಿದ ಲೋಹದ ತೆಳು ಪಟ್ಟಿ. ಅಗ್ಗದ್ದರಲ್ಲಿ ಲೋಹದ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಪಟ್ಟಿ. ಮೈತುಂಬ ಬುಟ್ಟಾ ಇರುವ ಬಟ್ಟೆಯಲ್ಲಿ ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಜರಿ ಎಳೆಗಳು ಹಿಂಬದಿಯಲ್ಲಿ ತೇಲುತ್ತ ಹೋಗುತ್ತವೆ, ಇಲ್ಲವೇ ಅಲ್ಲಲ್ಲೇ ಕತ್ತರಿಸಿ ಬಿಟ್ಟಿರುತ್ತಾರೆ. ಕತ್ತರಿಸಿದ ಆ ಮೊನೆಗಳೇ ಚುಚ್ಚುವುದು. ಅಂಚಿನಲ್ಲಿ ಮಾತ್ರ ಜರಿ ಇರುವ ಬಟ್ಟೆಯಲ್ಲಿ ಈ ಕಾಟ ಅಂಚಿಗಷ್ಟೇ ಸೀಮಿತ, ಅದನ್ನು ಮುಚ್ಚುವುದು ಸುಲಭ. ಮೈಸೂರು ಸಿಲ್ಕ್ ಈ ಕಾರಣಕ್ಕೇ ಒಳ್ಳೆಯ ಆಯ್ಕೆ: ಒಡಲು ಕ್ರೇಪ್, ಮೆತ್ತಗೆ ಇಳಿಬೀಳುತ್ತದೆ, ಸರಬರ ಸದ್ದು ಮಾಡುವುದಿಲ್ಲ. ಹೊಸದು ದುಬಾರಿ, ನಿಜ. ಆದರೆ ಅಜ್ಜಿಯ ಬೀರುವಿನಲ್ಲಿರುವ ಹಳೆಯ ಸೀರೆ ಹೊಸದಕ್ಕಿಂತ ಮೇಲು. ವರ್ಷಗಳ ಬಳಕೆಯಲ್ಲಿ ಅದರ ಬಿರುಸೆಲ್ಲ ಹೋಗಿರುತ್ತದೆ. ಕತ್ತರಿ ಹಾಕುವ ಮುಂಚೆ ಮಡಿಕೆಯ ಗೆರೆಗಳ ಎರಡೂ ಬದಿ ಹಿಡಿದು ಸ್ವಲ್ಪ ಎಳೆದು ನೋಡಿ. ಅಲ್ಲಿ ರೇಷ್ಮೆ ಸೀಳಿದರೆ ಆ ಭಾಗ ಬಿಟ್ಟು ಕತ್ತರಿಸಬೇಕು. ಅಂಚಿನ ಹಳೆ ಜರಿ ತುಂಡಾಗಿ ಮೊನೆ ಎದ್ದಿದ್ದರೆ ಆ ಅಂಚು ಬೇಡವೇ ಬೇಡ. ಬಣ್ಣದ ನೂಲಿನ ಅಂಚು ಕೂಡಿಸಿ. ಗುಳೇದಗುಡ್ಡದ ಖಣವೂ ಚೆಂದವೇ, ಒಳಗೆ ಪೂರ್ತಿ ಲೈನಿಂಗ್ ಕೊಟ್ಟರೆ ಮಾತ್ರ.

ಇನ್ನು ಅಳತೆ. ಹೊಸಬರು ಮೈಮೇಲೆ ಟೇಪು ಹಿಡಿದು ಕತ್ತು, ಕಂಕುಳು ಅಳೆಯುವಾಗಲೇ ಈ ಮಕ್ಕಳು ಬೆದರಿಬಿಡುತ್ತಾರೆ. ನಮ್ಮ ಟೈಲರ್‌ಗಳು ಹೇಗೂ "ಅಳತೆ ಬಟ್ಟೆ ತಂದಿದ್ದೀರಾ?" ಎಂದು ಕೇಳುತ್ತಾರೆ. ಹಳೆಯ ಹಬ್ಬದ ಬಟ್ಟೆ ಕೊಡಬೇಡಿ. ಮಗು ದಿನಾ ತಾನೇ ಹುಡುಕಿ ಹಾಕಿಕೊಳ್ಳುವ ಬನಿಯನ್ನೋ ಟೀ ಶರ್ಟೋ ಇರುತ್ತದಲ್ಲ, ಬಣ್ಣ ಮಾಸಿ ಕತ್ತು ಜೋತುಬಿದ್ದದ್ದು, ಅದನ್ನೇ ಕೊಡಿ. ಕತ್ತಿನ ಸುತ್ತಳತೆ, ಕಂಕುಳ ಆಳ, ತೋಳು ಎಲ್ಲಿ ನಿಲ್ಲಬೇಕು ಎಂಬ ಮೂರು ಉತ್ತರವೂ ಅದರಲ್ಲಿದೆ. ಒಂದೇ ಎಚ್ಚರ: ಬನಿಯನ್ ಬಟ್ಟೆ ಹಿಗ್ಗುತ್ತದೆ, ರೇಷ್ಮೆ ಹಿಗ್ಗುವುದಿಲ್ಲ. ಆದ್ದರಿಂದ ಎದೆಯ ಸುತ್ತಳತೆಗೆ 3 ಇಂಚು, ತೋಳಿನ ಸುತ್ತಳತೆಗೆ 1 ಇಂಚು ಸೇರಿಸಿಕೊಳ್ಳಲು ಹೇಳಿ.

ಹೆಣ್ಣುಮಕ್ಕಳ ಲಂಗದಲ್ಲಿ ಮೊದಲ ಶತ್ರು ಲಾಡಿ. ಅದು ಜಾರದಿರಲಿ ಎಂದು ಅಮ್ಮ ಬಿಗಿಯಾಗಿ ಕಟ್ಟುತ್ತಾಳೆ. ನೆರಿಗೆಯ ಗಂಟುಗಳೆಲ್ಲ ಲಾಡಿಯ ಕೆಳಗೆ ಸೇರಿ ಹೊಟ್ಟೆಯನ್ನು ಒತ್ತುತ್ತವೆ. ಹಿಂದೆ ಸಣ್ಣ ಹುಡುಗಿಯರಿಗೆ ಹೊಲಿಯುತ್ತಿದ್ದ ಬಾಡಿ ಲಂಗವೇ ಇದಕ್ಕೆ ಮದ್ದು. ಲಂಗವನ್ನು ತೋಳಿಲ್ಲದ ಹತ್ತಿಯ ಬಾಡಿಗೆ ಹೊಲಿದರೆ ಭಾರವೆಲ್ಲ ಹೆಗಲಿಗೆ ಹೋಗುತ್ತದೆ, ಸೊಂಟಕ್ಕೆ ಕಟ್ಟೇ ಇಲ್ಲ. ಸೊಂಟ 22 ಇಂಚಿರುವ ಮಗುವಿಗೆ ಲೆಕ್ಕ ಹೀಗೆ: ಬಾಡಿಗೆ 44 ಇಂಚು ಪನ್ನದ ಮಲ್‌ಮಲ್ (ತೆಳು, ಮೆತ್ತನೆಯ ಹತ್ತಿ ಬಟ್ಟೆ) 1 ಮೀಟರ್ ಸಾಕು. ಮುಂಭಾಗ ಎರಡು ಪದರ, ಹಿಂಭಾಗ ಎರಡು ಪದರ ಕತ್ತರಿಸಿ, ಹೊಲಿಗೆಯ ಮಾರ್ಜಿನ್ನೆಲ್ಲ ಪದರಗಳ ನಡುವೆ ಸಿಕ್ಕಿಕೊಳ್ಳುವಂತೆ ಹೊಲಿಯಬೇಕು. ಲಂಗಕ್ಕೆ ಸಾಮಾನ್ಯವಾಗಿ ಸೊಂಟದ ನಾಲ್ಕು ಪಟ್ಟು, ಅಂದರೆ ಸುಮಾರು 2¼ ಮೀಟರ್ ಬಟ್ಟೆ ಹಾಕುತ್ತಾರೆ. 1½ ಮೀಟರ್‌ಗೆ ಇಳಿಸಿ. ಘೇರು ಸ್ವಲ್ಪ ಕಡಿಮೆಯಾಗುತ್ತದೆ, ಭಾರ ಮೂರನೇ ಒಂದು ಪಾಲು ಇಳಿಯುತ್ತದೆ, ನೆರಿಗೆಯ ದಪ್ಪವೂ. ನೆರಿಗೆಯ ತುದಿಯನ್ನು ಬಾಡಿಯ ಎರಡು ಪದರಗಳ ನಡುವೆ ಇಟ್ಟು, ಕೂಡಿಸುವ ಹೊಲಿಗೆ ಸೊಂಟಕ್ಕಿಂತ 1 ಇಂಚು ಮೇಲೆ ಬರಲಿ. ಮಗು ನೆಲಕ್ಕೆ ಕೂತು ಊಟಕ್ಕೆ ಬಗ್ಗಿದಾಗ ಅದು ಹೊಟ್ಟೆಗೆ ಒತ್ತುವುದಿಲ್ಲ. ಲಂಗದ ಒಳಗಿನ ಮಲ್‌ಮಲ್ ಲೈನಿಂಗ್ ರೇಷ್ಮೆಗಿಂತ ಬರೀ ¼ ಇಂಚು ಗಿಡ್ಡವಿರಲಿ. ಅಂಚು ಬರುವಲ್ಲಿಗೇ ಲೈನಿಂಗ್ ನಿಲ್ಲಿಸುವುದು ಟೈಲರ್‌ಗಳ ರೂಢಿ. ಹಾಗೆ ಮಾಡಿದರೆ ಜರಿಯ ಹಿಂಬದಿ ನೇರವಾಗಿ ಕಣಕಾಲಿಗೆ ಉಜ್ಜುತ್ತದೆ. ಲೈನಿಂಗಿನ ಮಡಿಕೆಯನ್ನೂ ರೇಷ್ಮೆಯ ಕಡೆಗೆ ತಿರುಗಿಸಿ ಹೊಲಿಯಬೇಕು.

ಇದರ ಮೇಲೆ ತೊಡಿಸುವ ರವಿಕೆಯ ಕತ್ತು ಬಾಡಿಯ ಕತ್ತಿಗಿಂತ ½ ಇಂಚು ಅಗಲವಿದ್ದರೆ ರೇಷ್ಮೆ ಕತ್ತಿನ ಚರ್ಮವನ್ನು ಮುಟ್ಟುವುದೇ ಇಲ್ಲ. ಬೆನ್ನಿಗೆ ಹುಕ್ಕು ಇಡಬೇಡಿ, ಕುರ್ಚಿಗೆ ಒರಗಿದರೆ ಬೆನ್ನುಮೂಳೆಗೆ ಒತ್ತುತ್ತದೆ. ಮುಂದೆ ಟಿಚ್ ಬಟನ್, ಅದರ ಒಳಗೆ 1¼ ಇಂಚಿನ ಬಟ್ಟೆಯ ಪಟ್ಟಿ. ಕತ್ತು, ತೋಳಿನ ಅಂಚಿಗೆ ಪೈಪಿಂಗ್ ಮಾಡುವಾಗ ಟೈಲರ್‌ಗಳು ಪಟ್ಟಿಯನ್ನು ಹೊರಗಿನಿಂದ ಹೊಲಿದು ಒಳಕ್ಕೆ ಮಡಚಿ ಕೈಹೆಮ್ಮಿಂಗ್ ಹಾಕುತ್ತಾರೆ. ಹೊರಗೆ ಅಂದ, ಒಳಗೆ ಗಂಟು. ಇದನ್ನು ತಿರುವುಮುರುವು ಮಾಡಿಸಿ: ಪಟ್ಟಿಯನ್ನು ಒಳಗಿನಿಂದ ಹೊಲಿದು, ಹೊರಕ್ಕೆ ಮಡಚಿ, ಹೊರಗೆ ಮೆಷಿನ್ ಹೊಲಿಗೆ. ಪಟ್ಟಿ 1¼ ಇಂಚು ಅಗಲದ ಕ್ರಾಸ್ ಪೀಸೇ, ಅಂದರೆ ಎಳೆಗೆ ಓರೆಯಾಗಿ ಕತ್ತರಿಸಿದ್ದೇ ಆಗಬೇಕು. ನೇರ ಎಳೆಗೆ ಕತ್ತರಿಸಿದ ಪಟ್ಟಿ ಕತ್ತಿನ ತಿರುವಿನಲ್ಲಿ ಬಾಗದೆ ಸುಕ್ಕುಗಟ್ಟುತ್ತದೆ, ಆ ಸುಕ್ಕೇ ಮತ್ತೊಂದು ಕಾಟ.

ಪಕ್ಕದ ಹೊಲಿಗೆಗಳ ಮೇಲೆ ಓವರ್‌ಲಾಕ್ ಹಾಕಿಸಿದರೆ ಆಯಿತು ಎಂದುಕೊಳ್ಳುವವರೇ ಹೆಚ್ಚು. ಓವರ್‌ಲಾಕಿನ ಒರಟು ದಾರವೇ ಅನೇಕ ಮಕ್ಕಳಿಗೆ ಗರಗಸ. ಫ್ರೆಂಚ್ ಹೊಲಿಗೆ ಕೇಳಿ: ಬಟ್ಟೆಯ ಉಲ್ಟಾ ಬದಿಗಳು ಎದುರುಬದುರಾಗುವಂತೆ ಇಟ್ಟು ¼ ಇಂಚಿಗೆ ಒಂದು ಹೊಲಿಗೆ, ಉಳಿದ ಅಂಚನ್ನು ⅛ ಇಂಚಿಗೆ ಸಮವಾಗಿ ಕತ್ತರಿಸಿ, ತಿರುವಿ ಇಸ್ತ್ರಿ ಹಾಕಿ, ಮತ್ತೆ ¼ ಇಂಚಿಗೆ ಇನ್ನೊಂದು ಹೊಲಿಗೆ. ಕತ್ತರಿಸುವಾಗ ಅವಸರ ಮಾಡಿದರೆ ಎಳೆಗಳು ಹೊರಗೆ ಇಣುಕುತ್ತವೆ. ಮಾರ್ಜಿನ್ ½ ಇಂಚು ಬೇಕಾಗುವುದರಿಂದ ಕತ್ತರಿಸುವ ಮುಂಚೆಯೇ ಹೇಳಬೇಕು. ಕಂಕುಳಿನ ತಿರುವಿಗೆ ಇದು ಬೇಡ, ದಪ್ಪವಾಗಿ ಒತ್ತುತ್ತದೆ. ಅಲ್ಲಿ ಮಲ್‌ಮಲ್ ಕ್ರಾಸ್ ಪೀಸಿನಲ್ಲಿ ಅಂಚು ಮುಚ್ಚಿಸಿ.

ಗಂಡುಮಕ್ಕಳದ್ದು ಸುಲಭ. ವೆಲ್ಕ್ರೋ ಪಂಚೆ ಈಗ ಎಲ್ಲ ಕಡೆ ಸಿಗುತ್ತದೆ. ಅದರ ಗಡಸು ಬದಿ ಹೊಟ್ಟೆಗೆ ತಾಗಿದರೆ ಕೆರೆಯುತ್ತದೆ, ಬಿಚ್ಚುವಾಗಿನ ಪರ್ರೆನ್ನುವ ಸದ್ದಿಗೇ ಕೆಲವರು ಕಿವಿ ಮುಚ್ಚಿಕೊಳ್ಳುತ್ತಾರೆ. ವೆಲ್ಕ್ರೋ ಕಿತ್ತು, 1 ಇಂಚು ಅಗಲದ ಮೆತ್ತನೆಯ ಇಲಾಸ್ಟಿಕ್ಕನ್ನು ಹತ್ತಿಯ ಕೊಳವೆಯೊಳಗೆ ಹಾಕಿಸಿ. ಉದ್ದ ಸೊಂಟಕ್ಕಿಂತ 1 ಇಂಚು ಮಾತ್ರ ಕಡಿಮೆ. ¼ ಇಂಚಿನ ಸಣ್ಣ ಇಲಾಸ್ಟಿಕ್ ದಾರದಂತೆ ಕೊರೆಯುತ್ತದೆ. ಅಗಲದ್ದು ಒಳಗೆ ಮಡಚಿಕೊಳ್ಳದಂತೆ ನಾಲ್ಕು ಕಡೆ ಅಡ್ಡ ಹೊಲಿಗೆ ಬೇಕು. ಒಳಗೆ ದಿನಾ ಹಾಕುವ ಬನಿಯನ್ ಬಟ್ಟೆಯ ಚಡ್ಡಿ. ಜುಬ್ಬಾದ ನಿಂತ ಕಾಲರಿನೊಳಗೆ ಬಕ್ರಂ ಎಂಬ ಗಡಸು ಬಟ್ಟೆ ಇರುತ್ತದೆ. ಕಾಲರ್ ತೆಗೆಸಿ ದುಂಡು ಕತ್ತು ಮಾಡಿಸಿ, ಜರಿ ಬೇಕೇಬೇಕೆಂದರೆ ಎದೆಯ ಪಟ್ಟಿಯ ಮೇಲೆ ಲೇಸು ಹೊಲಿಸಿ. ರಾಜಾ ಮಾರ್ಕೆಟ್ಟಿನಲ್ಲಿ ಲೇಸಿಗೆ ಬರವಿಲ್ಲ. ಲೇಸಿನ ಹೊಲಿಗೆ ಒಳಗೆ ಬಾರದಂತೆ ಆ ಪಟ್ಟಿಗೆ ಎರಡನೇ ಪದರವಿರಲಿ. ಶೆರ್ವಾನಿಯನ್ನು ಹೀಗೆಲ್ಲ ದುರಸ್ತಿ ಮಾಡಲು ಹೊರಟರೆ ಅದರಲ್ಲಿ ಉಳಿಯುವುದು ಗುಂಡಿಗಳು ಮಾತ್ರ. ಅದನ್ನು ಕೊಳ್ಳದಿರುವುದೇ ವಾಸಿ.

ರೆಡಿಮೇಡ್ ತಂದಾಗಿದೆಯೇ? ಲೇಬಲ್ಲನ್ನು ಕತ್ತರಿಯಿಂದ ಕತ್ತರಿಸಬೇಡಿ. ಉಳಿಯುವ ಗಿಡ್ಡ ಮೊನೆ ಲೇಬಲ್ಲಿಗಿಂತ ಹೆಚ್ಚು ಚುಚ್ಚುತ್ತದೆ. ಬ್ಲೇಡಿನಿಂದ ಅದರ ಹೊಲಿಗೆಯ ಒಂದೊಂದೇ ಎಳೆ ಬಿಚ್ಚಿ. ಗಾಜಿನಂತೆ ಹೊಳೆಯುವ ನೈಲಾನ್ ದಾರವಾಗಿದ್ದರೆ ಚೂರು ಉಳಿಯದಂತೆ ಪೂರ್ತಿ ಎಳೆದು ತೆಗೆಯಿರಿ. ಲೇಬಲ್ಲು ಕತ್ತಿನ ಹೊಲಿಗೆಯೊಳಗೇ ಸಿಕ್ಕಿಕೊಂಡಿದ್ದರೆ ಬಿಚ್ಚಿದಾಗ ಕತ್ತೇ ಬಿಟ್ಟುಕೊಳ್ಳುತ್ತದೆ. ಆಗ ಹೊಲಿಗೆಯ ಹತ್ತಿರಕ್ಕೆ ಕತ್ತರಿಸಿ, ಮೇಲೆ ಮಲ್‌ಮಲ್ ಪಟ್ಟಿ ಹೊಲಿಯಿರಿ. ಫ್ರಾಕನ್ನು ಉಬ್ಬಿಸಲು ಒಳಗೆ ಕೊಟ್ಟ ಗಡಸು ನೆಟ್ಟಿನ ಕ್ಯಾನ್‌ಕ್ಯಾನ್ ಪದರವನ್ನು ಕಿತ್ತುಹಾಕಿದರೆ ಫ್ರಾಕು ಚಪ್ಪಟೆಯಾಗುತ್ತದೆ ಅಷ್ಟೇ.

ಹೊಸ ಬಟ್ಟೆಯನ್ನು ತೊಡಿಸುವ ಮುಂಚೆ ಒಗೆಯಿರಿ ಎಂದರೆ ಹಿರಿಯರಿಂದ ಒಂದು ಆಕ್ಷೇಪ ಬರುವುದುಂಟು: ಒಗೆದ ಮೇಲೆ ಅದು ಹೊಸ ಬಟ್ಟೆ ಹೇಗಾಯಿತು? ನೀರಲ್ಲಿ ಜಾಲಿಸಿ ಒಣಗಿಸಿದ್ದನ್ನೇ ಅಲ್ಲವೇ ನಾವು ಮಡಿ ಎನ್ನುವುದು! ಮೂಲೆಗೆ ಅರಿಶಿನ ಕುಂಕುಮ ಹಚ್ಚುವುದನ್ನು ಒಗೆದ ಮೇಲೂ ಮಾಡಬಹುದು. ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ, ಸುಕ್ಕು ಬೀಳದಂತೆ ಹಾಕಿದ ರಾಸಾಯನಿಕ, ಅಂಗಡಿಯ ವಾಸನೆ ಮೂರೂ ಇರುತ್ತವೆ. ಮೂರು ಸಲ ಒಗೆದರೆ ಬಹಳಷ್ಟು ಹೋಗುತ್ತದೆ. ಲೈನಿಂಗ್ ಮಲ್‌ಮಲ್ಲನ್ನಂತೂ ಕತ್ತರಿಸುವ ಮುಂಚೆ ರಾತ್ರಿಯಿಡೀ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅದು ಕುಗ್ಗಿ, ಹೊರಗಿನ ಬಟ್ಟೆಯನ್ನು ಎಳೆದು ಎಲ್ಲ ಕಡೆ ಸುಕ್ಕು ಬರುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಬಡಾವಣೆಗಳಲ್ಲಿ ಇನ್ನೊಂದು ಪಜೀತಿ. ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡದೆ ಬಟ್ಟೆಯಲ್ಲೇ ಕೂತು, ಒಣಗಿದಾಗ ಹಪ್ಪಳದಂತಾಗುತ್ತದೆ. ದ್ರವ ಸೋಪು ಸ್ವಲ್ಪವೇ ಹಾಕಿ, ಒಂದು ಸಲ ಹೆಚ್ಚು ಜಾಲಿಸಿ, ಕೊನೆಯ ಅರ್ಧ ಬಕೆಟ್ ನೀರಿಗೆ 2 ದೊಡ್ಡ ಚಮಚ ಬಿಳಿ ವಿನಿಗರ್ ಸೇರಿಸಿ. ಇದು ಹತ್ತಿ ಬಟ್ಟೆಗೆ ಮಾತ್ರ. ಪರಿಮಳದ ಕಂಡೀಷನರ್ ಬೇಡ. ಮೂಗು ಸೂಕ್ಷ್ಮವಿರುವ ಮಗುವಿಗೆ ಅದೇ ಹೊಸ ತಕರಾರು. ಬೀರುವಿನಿಂದ ತೆಗೆದ ರೇಷ್ಮೆಯನ್ನು, ಡ್ರೈಕ್ಲೀನಿಂಗ್‌ನಿಂದ ಬಂದದ್ದನ್ನು ಮೂರು ದಿನ ನೆರಳಿನಲ್ಲಿ ಗಾಳಿಗೆ ಹರವಿ. ನುಸಿಗುಳಿಗೆಯ ವಾಸನೆಯನ್ನು ಬರೀ ಕಿರಿಕಿರಿ ಎಂದು ತಳ್ಳಿಹಾಕಬೇಡಿ: ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಎಳೆಮಕ್ಕಳಲ್ಲಿ, ಹಲವು ನುಸಿಗುಳಿಗೆಗಳಲ್ಲಿರುವ ನ್ಯಾಫ್ತಲಿನ್ ರಕ್ತಕಣಗಳನ್ನೇ ಒಡೆಯಬಲ್ಲದು.

ಎಷ್ಟೇ ಚೆನ್ನಾಗಿ ಹೊಲಿದರೂ ಹಬ್ಬದ ದಿನವೇ ಮೊದಲ ಸಲ ತೊಡಿಸಿದರೆ ಸೋಲು ಖಚಿತ. ಹತ್ತು ದಿನ ಮುಂಚೆ ಬಟ್ಟೆ ಮನೆಗೆ ಬರಲಿ. ಮೊದಲೆರಡು ದಿನ ಮಗುವಿನ ಹಾಸಿಗೆಯ ಹತ್ತಿರ ಸುಮ್ಮನೆ ಬಿದ್ದಿರಲಿ, ಮುಟ್ಟಿ ಮೂಸಿ ನೋಡಲಿ. ಆಮೇಲೆ ಮಗುವಿಗೆ ಇಷ್ಟವಾದ ಆಟದ ಹೊತ್ತಿನಲ್ಲಿ 5 ನಿಮಿಷ, ಒಗ್ಗಿದರೆ 15, ಮುಂದೆ ಒಂದು ಗಂಟೆ. ಮಗು ಬೇಡವೆಂದ ಕ್ಷಣ ಬಿಚ್ಚಬೇಕು. ಬಿಚ್ಚುತ್ತಾರೆ ಎಂಬ ನಂಬಿಕೆಯೇ ಮತ್ತೆ ತೊಡಲು ಧೈರ್ಯ. ಎಲ್ಲಿ ಕೈ ಹೋಗುತ್ತದೆ ಎಂದು ಗಮನಿಸಿ, ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ ಟೈಲರ್‌ಗೆ ಕೊಡಿ. ನರಕ ಚತುರ್ದಶಿ, ಯುಗಾದಿಗಳಲ್ಲಿ ಎಣ್ಣೆಸ್ನಾನದ ಬೆನ್ನಿಗೇ ಹೊಸ ಬಟ್ಟೆ ಏರಿಸುವುದು ರೂಢಿ. ಒದ್ದೆ ಮೈಗೆ, ಉಳಿದ ಎಣ್ಣೆಗೆ ಬಟ್ಟೆ ಹಿಡಿದುಕೊಂಡು ಎಳೆಯುತ್ತದೆ. ಹಳೆಯ ಬನಿಯನ್ ತೊಡಿಸಿ ಅರ್ಧ ಗಂಟೆ ಬಿಟ್ಟು ಹೊಸದು ಹಾಕಿ. ಹೂವು, ಗೆಜ್ಜೆ, ಬಳೆ, ಪೇಟ ಎಲ್ಲವನ್ನೂ ಅದೇ ದಿನ ಹೇರಬೇಡಿ, ಒಂದು ಸಾಕು. ಆರತಿ, ಫೋಟೋ ಮುಗಿದ ಮೇಲೆ ಬದಲಿಸಲು ಅದೇ ಬಣ್ಣದ ಹಳೇ ಮೆತ್ತನೆ ಜೊತೆಯೊಂದು ಚೀಲದಲ್ಲಿರಲಿ. ಬಣ್ಣ ಒಂದೇ ಆದರೆ ನೆಂಟರು ಕೇಳುವುದೂ ಕಡಿಮೆ.

ಇಷ್ಟೂ ಹೇಳಿದ್ದು ಸ್ಪರ್ಶ ಅತಿಯಾಗಿ ತಟ್ಟುವ ಮಕ್ಕಳಿಗೆ. ಒತ್ತಡವನ್ನೇ ಹುಡುಕುವ ಮಕ್ಕಳೂ ಇದ್ದಾರೆ. ಸೋಫಾದ ಸಂದಿಗೆ ನುಗ್ಗುವವರು, ಬಿಗಿಯಾಗಿ ಅಪ್ಪಿಕೊಳ್ಳಲು ಬರುವವರು. ಅವರಿಗೆ ಹಬ್ಬದ ಬಟ್ಟೆಯ ಒಳಗೆ ಮೈಗೆ ಕೂರುವ, ಹಿಗ್ಗುವ ಹತ್ತಿಯ ಬನಿಯನ್ ಹಾಕಿದರೆ ಮೇಲಿನ ಬಟ್ಟೆಯ ಸವರಾಟ ತಟ್ಟುವುದಿಲ್ಲ. ಅದನ್ನು ಉಲ್ಟಾ ತೊಡಿಸಿ, ಹೊಲಿಗೆ ಹೊರಗಿರಲಿ. ಉಸಿರು ಕಟ್ಟದಷ್ಟು, ಗೆರೆ ಮೂಡದಷ್ಟು ಬಿಗಿ ಸಾಕು.

ಪಟಾಕಿಯ ಹತ್ತಿರ ಹೋಗುವಾಗ ಮಾತ್ರ, ಮೆತ್ತಗಿದೆ ಎಂಬ ಒಂದೇ ಕಾರಣಕ್ಕೆ ಪಾಲಿಯೆಸ್ಟರ್, ನೈಲಾನ್ ಬೇಡ. ಬೆಂಕಿಗೆ ಅದು ಕರಗಿ ಚರ್ಮಕ್ಕೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಜೋತಾಡುವ ಶಲ್ಯ, ದುಪಟ್ಟಾ ಒಳಗೇ ಇರಲಿ.

ಶಾಲೆಗಳಿಗೂ ಒಂದು ಮಾತು. ನವೆಂಬರ್ 1ಕ್ಕೆ ಎಲ್ಲ ಮಕ್ಕಳ ಕತ್ತಿಗೂ ಕೆಂಪು ಹಳದಿಯ ಪಾಲಿಯೆಸ್ಟರ್ ಶಲ್ಯ, ತಲೆಗೆ ಪೇಟ ಕಡ್ಡಾಯ ಮಾಡುವ ಬದಲು ಎದೆಗೊಂದು ಬ್ಯಾಡ್ಜು, ಹತ್ತಿಯ ಹಳದಿ ಅಂಗಿ ಆಗುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಗುರುತಿಸಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಿಕೊಡಬೇಕೆಂದು ಶಾಲೆಗಳ ಬಗ್ಗೆ ಅದೇ ಕಾಯಿದೆ ಹೇಳುತ್ತದೆ. ಬಟ್ಟೆ ಅಂಗಡಿಗಳವರು ಟ್ರಯಲ್ ರೂಮಿನ ಮೈಕಿನ ಸದ್ದು ತಗ್ಗಿಸಿ, ಹೊಲಿಗೆ ಬಿಚ್ಚದಿದ್ದ ಬಟ್ಟೆಯನ್ನು ವಾರದೊಳಗೆ ವಾಪಸು ತೆಗೆದುಕೊಂಡರೆ ಈ ತಂದೆತಾಯಿಯರು ಮತ್ತೆ ಅಲ್ಲಿಗೇ ಬರುತ್ತಾರೆ. ನಿಮ್ಮ ಮುಂದಿನ ಉಡುಪಿನ ಪುರವಣಿಯಲ್ಲಿ ಒಂದಾದರೂ ಲಂಗದ ಒಳಮೈಯ ಚಿತ್ರ ಹಾಕಿ ಎಂದು ಕೇಳಿಕೊಳ್ಳುತ್ತೇವೆ.

ಮಲ್ಲೇಶ್ವರವಾಗಲಿ ಜಯನಗರವಾಗಲಿ, ದೀಪಾವಳಿಗೆ ಎರಡು ವಾರ ಇರುವಾಗ ಬಹಳ ಟೈಲರ್‌ಗಳು ಹೊಸ ಆರ್ಡರ್ ಹಿಡಿಯುವುದಿಲ್ಲ. ಫ್ರೆಂಚ್ ಹೊಲಿಗೆ, ಎರಡು ಪದರದ ಬಾಡಿ ಎಂದರೆ ಅವಸರದಲ್ಲಿ ಒಪ್ಪುವುದೇ ಇಲ್ಲ. ಕೂಲಿ ಹೆಚ್ಚು ಕೇಳುವುದೂ ನ್ಯಾಯವೇ, ಕೆಲಸ ಅಷ್ಟಿದೆ. ಆದ್ದರಿಂದ ಮಲ್‌ಮಲ್ ತಂದು ಈ ವಾರವೇ ನೆನೆಹಾಕಿ.

ಇಂತಿ,
ಮಕ್ಕಳ ಬಟ್ಟೆ ಹೊಲಿಯುವವರು ಮತ್ತು ಆಕ್ಯುಪೇಷನಲ್ ಥೆರಪಿಸ್ಟರು, ಬೆಂಗಳೂರು